ಇಬ್ಬನಿ ಬಿದ್ದ ದಾರಿ, ಎರೆ ಮಣ್ಣು, ಮತ್ತೆ ಸೈಕಲ್ಲಿನ ಟೈರು

ನಾನು ಬಿದ್ದದ್ದು ಕೆಲಗೇರಿ ಕೆರೆ ದಾಟಿ ಸ್ವಲ್ಪ ಮುಂದೆ, ಮರಗಳ ನಡುವಿನ ಒಂದು ಇಳಿಜಾರಿನಲ್ಲಿ. ಮೂರು ವರ್ಷದ ಹಿಂದಿನ ಮಾತು. ನವೆಂಬರ್ ತಿಂಗಳು, ಬೆಳಗ್ಗೆ ಆರೂವರೆ ಸುಮಾರು. ಮಳೆ ನಿಂತು ಹತ್ತು ದಿನದ ಮೇಲಾಗಿತ್ತು, ನೆಲ ಒಣಗಿದ ಹಾಗೆಯೇ ಕಾಣುತ್ತಿತ್ತು. ಆ ದಾರಿಯಲ್ಲಿ ಎಷ್ಟು ಸಲ ಇಳಿದಿದ್ದೇನೋ ಲೆಕ್ಕವಿಲ್ಲ. ಹಾಗಾಗಿ ಮನಸ್ಸು ಬೇರೆಲ್ಲೋ ಇತ್ತು, ಬ್ರೇಕಿನ ಮೇಲೆ ಬೆರಳು ಸುಮ್ನೆ ಇಟ್ಟುಕೊಂಡು ಇಳಿಯುತ್ತಿದ್ದೆ. ಅಲ್ಲಿ ಜಂಬಿಟ್ಟಿಗೆ ಕಲ್ಲಿನ ಒಂದು ಹಾಸು ಬರುತ್ತದೆ, ಒಂದು ಮಂಚದಷ್ಟು ಅಗಲ ಇರಬಹುದು. ಮುಂದಿನ ಗಾಲಿ ಅದರ ಮೇಲೆ ಹೋಗಿದ್ದೇ ತಡ, ಕೆಳಗಿನಿಂದ ಯಾರೋ ಸೈಕಲ್ ಎಳೆದುಕೊಂಡ ಹಾಗಾಯಿತು. ಜಾರಿತು ಅಂತ ಗಾಬರಿಯಾಗಿ ಬ್ರೇಕ್ ಒತ್ತುವಷ್ಟರಲ್ಲಿ ನೆಲದ ಮೇಲಿದ್ದೆ.

ಹೆಲ್ಮೆಟ್ ಇತ್ತು. ಮೊಣಕೈ ತರಚಿತು, ತೊಡೆಯ ಪಕ್ಕ ಮೂರು ವಾರ ನೀಲಿಗಟ್ಟಿತ್ತು, ಪುಣ್ಯಕ್ಕೆ ಮೂಳೆಗೆ ಏನೂ ಆಗಲಿಲ್ಲ. ಹಾಲಿನ ಕ್ಯಾನ್ ಕಟ್ಟಿಕೊಂಡು ಬೈಕಿನಲ್ಲಿ ಬರುತ್ತಿದ್ದ ಹಿರಿಯರೊಬ್ಬರು ಗಾಡಿ ನಿಲ್ಲಿಸಿ ನನ್ನನ್ನು ಎಬ್ಬಿಸಿದರು. "ಹಾವಸಿ ಐತಿ ನೋಡ್ರಿ ಸರ. ಒಣಗೇತಿ ಅನಸ್ತೈತಿ, ಇಬ್ಬನಿ ಬಿತ್ತಂದ್ರ ಮತ್ತ ಜೀವ ಬರ್ತೈತಿ ಅದಕ್ಕ" ಅಂದರು. ನಾನು ಬಗ್ಗಿ ಕೈಯಿಂದ ಕಲ್ಲು ಸವರಿ ನೋಡಿದೆ. ಕಣ್ಣಿಗೆ ಬರೀ ಕಪ್ಪಗೆ ಕಾಣುತ್ತಿದ್ದ ಕಲ್ಲು ಬೆರಳಿಗೆ ಸೋಪು ಹಚ್ಚಿದ ಹಾಗಿತ್ತು. ಮಳೆಗಾಲದ ಹಾವಸೆ ಒಣಗಿ ಕಲ್ಲಿಗೆ ಅಂಟಿಕೊಂಡಿರುತ್ತದೆ. ರಾತ್ರಿ ಇಬ್ಬನಿ ಬಿದ್ದರೆ ಬೆಳಗ್ಗೆ ಅದು ಮತ್ತೆ ಲೋಳೆ ಲೋಳೆ. ಬಿಸಿಲು ಬಿದ್ದು ಒಂದು ತಾಸಾದರೆ ಅದೇ ಕಲ್ಲಿನ ಮೇಲೆ ಆರಾಮಾಗಿ ಹೋಗಬಹುದು.

ಅವತ್ತು ಸಂಜೆ ಮನೆಯಲ್ಲಿ ಗೇಜ್ ಹಚ್ಚಿ ಹವಾ ನೋಡಿದೆ. ಮುಂದಿನ ಟೈರಿನಲ್ಲಿ 48 ಪಿಎಸ್ಐ (ಹವಾದ ಒತ್ತಡದ ಅಳತೆ) ಇತ್ತು! ಹಿಂದಿನ ದಿನ ಡಾಂಬರು ರಸ್ತೆಯಲ್ಲಿ ಹುಬ್ಬಳ್ಳಿಗೆ ಹೋಗಿ ಬಂದಿದ್ದೆ, ಅದಕ್ಕಂತ ಗಟ್ಟಿ ಮಾಡಿಸಿದ್ದೆ, ಹಾಗೆಯೇ ಬಿಟ್ಟಿದ್ದೆ. ಆ ಟೈರು ಕಲ್ಲಿನ ಮೇಲೆ ಮರದ ಗಾಲಿಯ ಹಾಗೆ ಕೂತಿತ್ತು, ಹಿಡಿಯುವುದಾದರೂ ಹೇಗೆ?

ಇದೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಹೋದ ವಾರ ಅಕ್ಕನ ಮಗ ಫೋನ್ ಮಾಡಿದ್ದ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ, ದೀಪಾವಳಿಗೆ ಮೌಂಟನ್ ಬೈಕ್ ತಗೊಂಡಿದ್ದಾನೆ. "ಮಾಮಾ, ಚಳಿಗಾಲಕ್ಕ ಯಾವ ಟೈರ್ ತಗೊಳ್ಳಿ? ವಿಡಿಯೋದಾಗ ಮೊಳಿ ಇರೂ ಟೈರ್ ತೋರ್ಸಾಕತ್ತಾರ" ಅಂದ. ಆ ಮೊಳೆ ಟೈರು ಹಿಮದ ನಾಡಿನದು. ಫಿನ್‌ಲೆಂಡ್, ಕೆನಡಾದಂಥ ಕಡೆ ದಾರಿಯೇ ಗಾಜಿನ ಹಾಗೆ ಹೆಪ್ಪುಗಟ್ಟುತ್ತದೆ, ಅದಕ್ಕೆ ಟೈರಿನಲ್ಲಿ ಗಟ್ಟಿ ಲೋಹದ ಚಿಕ್ಕ ಮೊಳೆ ಕೂಡಿಸಿರುತ್ತಾರೆ, ಅವು ಮಂಜುಗಡ್ಡೆಯನ್ನು ಕಚ್ಚಿ ಹಿಡಿಯುತ್ತವೆ. ನಮ್ಮ ಕಡೆ ಬಂಡೆಗಲ್ಲಿನ ಮೇಲೆ ಅದನ್ನು ಹತ್ತಿಸಿದರೆ ಮೊಳೆಯೇ ಜಾರುತ್ತದೆ. ನಮಗೆ ಹಿಮ ಇಲ್ಲ. ಡಿಸೆಂಬರ್ ಜನವರಿಯಲ್ಲಿ ಧಾರವಾಡದ ಬೆಳಗು 14-15 ಡಿಗ್ರಿಗೆ ಇಳಿದರೆ ಎಲ್ಲರೂ ಸ್ವೆಟರ್, ಕಿವಿಗೆ ಮಫ್ಲರ್. ಆದರೂ ನಮ್ಮ ಚಳಿಗಾಲ ಜಾರುತ್ತದೆ, ಅದರದೇ ರೀತಿಯಲ್ಲಿ. ಅವನಿಗೆ ಫೋನಿನಲ್ಲಿ ಅರ್ಧ ಹೇಳಿದೆ. ಉಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತೇನೆ, ನಮ್ಮ ಕಡೆ ಹೊಸದಾಗಿ ಗುಡ್ಡ ಹತ್ತುವವರಿಗೆ ಉಪಯೋಗ ಆಗಲಿ.

ಮೊದಲು ನೆಲದ ಮಾತು. ಧಾರವಾಡ ಮಲೆನಾಡಿನ ಸೆರಗಿನಲ್ಲಿ ಕೂತ ಊರು. ಊರಿಂದ ಪಶ್ಚಿಮಕ್ಕೆ, ಮಂಡಿಹಾಳ, ಮುಗದ, ಅಳ್ನಾವರ ಅಂತ ಹೊರಟರೆ ಕೆಂಪು ಮಣ್ಣು, ಜಂಬಿಟ್ಟಿಗೆ, ಸಾಗವಾನಿ ಗಿಡ, ಭತ್ತದ ಗದ್ದೆ. ಪೂರ್ವಕ್ಕೆ ಅಮ್ಮಿನಭಾವಿ, ನವಲಗುಂದ, ಅಣ್ಣಿಗೇರಿ ಕಡೆ ಹೊರಟರೆ ಬರೀ ಎರೆ ಹೊಲ, ಕಣ್ಣು ಹಾಯುವಷ್ಟು ದೂರ ಕಪ್ಪು. ಇನ್ನೂ ಮುಂದೆ ಗದಗದ ಆಚೆ ಕಪ್ಪತಗುಡ್ಡಕ್ಕೆ ಹೋದರೆ ಗರಸು, ಸಡಿಲ ಕಲ್ಲು, ಕುರುಚಲು ಕಂಟಿ. ಒಂದೇ ದಿನದಲ್ಲಿ ಮೂರು ಥರದ ನೆಲದ ಮೇಲೆ ಸೈಕಲ್ ಹೊಡೆಯಬಹುದು ನಾವು. ಮೂರೂ ಜಾರುತ್ತವೆ, ಆದರೆ ಒಂದೊಂದು ಒಂದೊಂದು ಥರ. ಈ ಟೈರು ಚಲೋ, ಆ ಟೈರು ಚಲೋ ಅಂತ ಸುಮ್ನೆ ಹೇಳೋಕೆ ಬರುವುದಿಲ್ಲ. ಯಾವ ನೆಲಕ್ಕೆ ಅಂತ ಮೊದಲು ಕೇಳಬೇಕು.

ಎರೆ ಮಣ್ಣಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಅಲ್ಲಿ ನಾನು ಕಲಿತ ಪಾಠಕ್ಕೆ ದುಡ್ಡೂ ಹೋಯಿತು, ಅರ್ಧ ದಿನವೂ ಹೋಯಿತು. ಒಂದು ವರ್ಷ ಹಿಂಗಾರು ಮಳೆ ಆದ ಮಾರನೇ ದಿನವೇ ಅಮ್ಮಿನಭಾವಿ ಕಡೆ ಹೋಗಿದ್ದೆ. ಡಾಂಬರು ಬಿಟ್ಟು ಒಂದು ಚಕ್ಕಡಿ ದಾರಿಗೆ ಇಳಿದೆ. ಎರಡೂ ಕಡೆ ಕಡಲೆ, ಬಿಳಿಜೋಳ, ಮೊಳಕಾಲುದ್ದ ಬೆಳೆದು ನಿಂತಿತ್ತು, ನೋಡೋಕೆ ಅಷ್ಟು ಚಂದ. ಮೊದಲ ಐವತ್ತು ಮೀಟರ್ ಏನೂ ತೊಂದರೆ ಇಲ್ಲ. ಆಮೇಲೆ ಟೈರು ದಪ್ಪ ಆಗೋಕೆ ಶುರುವಾಯಿತು. ಎರೆ ಮಣ್ಣು ಹಾಗೆಯೇ, ಗಾಲಿ ಒಂದು ಸುತ್ತು ತಿರುಗಿದರೆ ಒಂದು ಪದರ ಅಂಟುತ್ತದೆ, ಇನ್ನೊಂದು ಸುತ್ತಿಗೆ ಅದರ ಮೇಲೆ ಇನ್ನೊಂದು. ನೀರು ಕುಡಿದರೆ ಉಬ್ಬಿ ಅಂಟಾಗುವುದು, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುವುದು, ಅದು ಆ ಮಣ್ಣಿನ ಗುಣ, ಆ ಗುಣದಿಂದಲೇ ಅಲ್ಲಿ ಹಿಂಗಾರಿ ಬೆಳೆ ಬರೋದು. ನೂರು ಮೀಟರ್ ಆಗುವಷ್ಟರಲ್ಲಿ ಫೋರ್ಕಿನ ಸಂದಿಯಲ್ಲಿ ರಾಡಿ ತುಂಬಿ ಗಾಲಿ ತಿರುಗುವುದೇ ನಿಂತಿತು. ನಾನು ತಿಳಿಯದೆ ಇನ್ನೂ ಜೋರಾಗಿ ತುಳಿದೆ. ಹಿಂದೆ ಕಟ್ ಅಂತ ಶಬ್ದ ಬಂತು. ಹಿಂದಿನ ಗೇರು ಜೋತುಬೀಳುವ ಕೊಂಡಿ ಬಾಗಿ, ಗೇರು ಗಾಲಿಯ ತಂತಿಗೆ ಹೋಗಿ ಸಿಕ್ಕಿಕೊಂಡಿತ್ತು.

ಹೊಲದಲ್ಲಿದ್ದ ಅಜ್ಜಿಯೊಬ್ಬರು ನೋಡುತ್ತಿದ್ದರು. ಹತ್ತಿ ಕಟ್ಟಿಗೆ ಒಂದನ್ನು ಮುರಿದು ಕೊಟ್ಟರು, ಮಣ್ಣು ಕೆರೆಯೋಕೆ. "ಯಪ್ಪಾ, ಮಳಿ ಆದ ಮ್ಯಾಲ ಈ ಎರ್ಯಾಗ ನಾವ ಎತ್ತು ಇಳಸೂದಿಲ್ಲ. ನಾಕು ದಿನ ತಡದು ಬಾ" ಅಂದರು. ಕೆರೆದೆ, ಕೆರೆದೆ, ಮುಗಿಯಲಿಲ್ಲ. ಕೊನೆಗೆ ಸೈಕಲ್ ಹೆಗಲ ಮೇಲೆ ಹೊತ್ತು ಡಾಂಬರಿಗೆ ಬಂದೆ. ಮಣ್ಣು ಸೇರಿ ಅದು ಎಷ್ಟು ಭಾರ ಆಗಿತ್ತೆಂದರೆ ನಾಲ್ಕು ಕಡೆ ಇಳಿಸಿ ದಮ್ಮು ತಗೊಂಡೆ.

ಆ ಅಜ್ಜಿಯ ಮಾತನ್ನು ನಾನು ಈಗಲೂ ಹಾಗೆಯೇ ಪಾಲಿಸುತ್ತೇನೆ. ಹಸಿ ಎರೆಗೆ ಯಾವ ಟೈರೂ ಇಲ್ಲ. ಕೆಸರಿಗಂತಲೇ ಮಾಡಿದ, ಉದ್ದ ಬಟನ್ನಿನ (ಟೈರಿನ ಮೈಮೇಲಿನ ರಬ್ಬರಿನ ಉಬ್ಬು) ದುಬಾರಿ ಟೈರು ಹಾಕಿದರೂ ನೂರು ಮೀಟರ್ ಬದಲು ಇನ್ನೂರು ಮೀಟರ್ ಹೋಗಬಹುದು, ಅಷ್ಟೇ. ಮಳೆಯಾದ ಮೇಲೆ ನಾಲ್ಕೈದು ದಿನ ಬಿಸಿಲು ಕಾಣಲಿ. ಇನ್ನೊಂದು ವಿಷಯ ಇದೆ, ಇದನ್ನು ಸೈಕಲ್ ಹೊಡೆಯುವವರು ಯೋಚನೆ ಮಾಡುವುದು ಕಡಿಮೆ. ಹಸಿ ದಾರಿಯಲ್ಲಿ ನಾವು ಹೋದರೆ ಗಾಲಿಯ ಗೀರು ಆಳವಾಗಿ ಬೀಳುತ್ತದೆ, ಅದು ಒಣಗಿದರೆ ಕಲ್ಲಿನಷ್ಟು ಗಟ್ಟಿ. ಆಮೇಲೆ ತಿಂಗಳುಗಟ್ಟಲೆ ಆ ದಾರಿಯಲ್ಲಿ ತಲೆ ಮೇಲೆ ಮೇವಿನ ಹೊರೆ ಹೊತ್ತು ನಡೆಯುವವರು ಹೊಲದವರು. ಅವರ ಕಾಲು ಉಳುಕುವುದು ನಮ್ಮಿಂದ ಆಗಬಾರದು.

ಈಗ ಹವಾ. ಹುಡುಗನಿಗೆ ನಾನು ಫೋನಿನಲ್ಲಿ ಮೊದಲು ಕೇಳಿದ್ದೂ ಇದನ್ನೇ, "ಹವಾ ಎಷ್ಟ ಐತಿ?" ಅವನಿಗೆ ಗೊತ್ತಿರಲಿಲ್ಲ. ಪೆಟ್ರೋಲ್ ಬಂಕಿನಲ್ಲಿ ಹಾಕಿಸಿದ್ದನಂತೆ, ಹೆಬ್ಬೆರಳಿನಿಂದ ಒತ್ತಿದರೆ ಒಳಗೇ ಹೋಗುವುದಿಲ್ಲವಂತೆ. ನಾನು ಹಳೇ ಸೈಕಲ್ಲಿನ ಕಾಲದಿಂದ ಹೋಗುವ ಒಂದು ರಿಪೇರಿ ಅಂಗಡಿ ಇದೆ ಧಾರವಾಡದಲ್ಲಿ. ಅಲ್ಲಿಯ ಕಾಕಾ ನಾನು ಬಿದ್ದ ಕಥೆ ಕೇಳಿ, ಟೈರು ಮುಟ್ಟಿ ನೋಡಿ, ಹೇಳಿದ್ದು ಒಂದೇ ಮಾತು: "ಟೈರ್ ಚಲೋ ಐತ್ರಿ ಸರ. ಹವಾ ಜಾಸ್ತಿ ಆಗೇತಿ. ಅದಕ್ಕ ನೆಲ ಮುಟ್ಟಾಕ ಬಿಡ್ರಿ." ನೆಲ ಮುಟ್ಟೋಕೆ ಬಿಡಬೇಕು, ಇದಕ್ಕಿಂತ ಚೆನ್ನಾಗಿ ನನಗೂ ಹೇಳೋಕೆ ಬರುವುದಿಲ್ಲ. ಹವಾ ಕಡಿಮೆ ಇದ್ದರೆ ಟೈರು ಸ್ವಲ್ಪ ಚಪ್ಪಟೆಯಾಗಿ ಜಾಸ್ತಿ ಬಟನ್ ನೆಲಕ್ಕೆ ತಾಗುತ್ತವೆ, ಕಲ್ಲಿನ ಉಬ್ಬು ತಗ್ಗಿಗೆ ತಕ್ಕ ಹಾಗೆ ಬಗ್ಗುತ್ತದೆ. ಹವಾ ಜಾಸ್ತಿ ಇದ್ದರೆ ಪ್ರತಿ ಕಲ್ಲಿಗೂ ಪುಟಿಯುತ್ತದೆ. ಪುಟಿದ ಆ ಕ್ಷಣದಲ್ಲಿ ಹಿಡಿತ ಸೊನ್ನೆ.

ನನ್ನ ತೂಕ 72 ಕಿಲೋ. ಟೈರು 29 ಇಂಚಿನದು, 2.25 ಅಗಲ, ಒಳಗೆ ಟ್ಯೂಬ್ ಇದೆ. ಗುಡ್ಡಕ್ಕೆ ಹೋಗುವಾಗ ಮುಂದೆ 26, ಹಿಂದೆ 29 ಪಿಎಸ್ಐ ಇಟ್ಟುಕೊಳ್ಳುತ್ತೇನೆ. ನಿಮ್ಮ ತೂಕ ಜಾಸ್ತಿ ಇದ್ದರೆ ಎರಡು ಮೂರು ಏರಿಸಿ, ಕಡಿಮೆ ಇದ್ದರೆ ಇಳಿಸಿ. ಮುಂದಿನದಕ್ಕೆ ಯಾವಾಗಲೂ ಹಿಂದಿನದಕ್ಕಿಂತ ಸ್ವಲ್ಪ ಕಡಿಮೆ, ಯಾಕೆಂದರೆ ಮೈ ಭಾರ ಹಿಂದಿನ ಗಾಲಿಯ ಮೇಲೆ ಜಾಸ್ತಿ ಬೀಳುತ್ತದೆ. ಒಂದೇ ಸಲಕ್ಕೆ ಇಳಿಸಬೇಡಿ. ಎರಡೆರಡು ಪಿಎಸ್ಐ ಕಡಿಮೆ ಮಾಡುತ್ತ, ಅದೇ ಇಳಿಜಾರಿನಲ್ಲಿ ಹೋಗಿ ನೋಡಿ. ಕಲ್ಲಿಗೆ ಬಡಿದಾಗ ರಿಮ್ ಟಣ್ ಅಂದರೆ, ಅಥವಾ ತಿರುವಿನಲ್ಲಿ ಟೈರು ಮಗ್ಗುಲಿಗೆ ಹೊರಳಿದ ಹಾಗೆ ಅನಿಸಿದರೆ, ಕೆಳಗೆ ಹೋಗಿದ್ದು ಸಾಕು, ಎರಡು ಏರಿಸಿ. ತೀರಾ ಕಡಿಮೆ ಮಾಡಿದರೆ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕು ಅಕ್ಕಪಕ್ಕ ಎರಡು ತೂತು ಬೀಳುತ್ತದೆ, ಹಾವು ಕಚ್ಚಿದ ಗುರುತಿನ ಹಾಗೆ. ಟೈರಿನ ಪಕ್ಕದಲ್ಲಿ ಕನಿಷ್ಠ ಎಷ್ಟು ಅಂತ ಬರೆದಿದ್ದರೆ ಅದಕ್ಕಿಂತ ಕೆಳಗೆ ಹೋಗಬಾರದು. ಕಡಿಮೆ ಬೆಲೆಯ ಎಷ್ಟೋ ಟೈರುಗಳ ಮೇಲೆ 35, 40 ಅಂತಲೇ ಬರೆದಿರುತ್ತದೆ, ಅಂಥ ಟೈರು ಬದಲಿಸುವುದೇ ಸರಿ.

ಒಂದು ಚಿಕ್ಕ ಗೇಜ್ ತಗೊಳ್ಳಿ. ಬಂಕಿನ ಯಂತ್ರ ಕಾರಿನ ಟೈರಿಗೆ ಮಾಡಿದ್ದು, ಸೈಕಲ್ ಟೈರಿನೊಳಗಿನ ಅಷ್ಟು ಚಿಕ್ಕ ಜಾಗಕ್ಕೆ ಹವಾ ರಪ್ ಅಂತ ತುಂಬಿಬಿಡುತ್ತದೆ. ಚಳಿಗೂ ಹವಾಕ್ಕೂ ಸಂಬಂಧ ಇದೆ, ಹತ್ತು ಡಿಗ್ರಿ ತಂಪಾದರೆ ನಮ್ಮಂಥ ಟೈರಿನಲ್ಲಿ ಸುಮಾರು ಒಂದೂವರೆ ಪಿಎಸ್ಐ ಇಳಿಯುತ್ತದೆ. ಮಧ್ಯಾಹ್ನ ಮನೆಯೊಳಗೆ ಹಾಕಿದ ಹವಾ ಬೆಳಗ್ಗೆ ಗುಡ್ಡದ ಬುಡದಲ್ಲಿ ಅಷ್ಟೇ ಇರುವುದಿಲ್ಲ. ದೊಡ್ಡ ವ್ಯತ್ಯಾಸ ಏನಲ್ಲ, ಆದರೆ ಗೇಜ್ ಜೇಬಿನಲ್ಲಿದ್ದರೆ ಅಲ್ಲೇ ನೋಡಬಹುದು ಅಲ್ವಾ.

ಹವಾ ಸರಿ ಮಾಡಿದ ಮೇಲೂ ಜಾರುತ್ತಿದ್ದರೆ ಆಗ ಟೈರಿನ ಕಡೆ ನೋಡಬೇಕು. ಅಂಗಡಿಯಲ್ಲಿ ಟೈರು ಕೈಗೆ ಬಂದ ಕೂಡಲೇ ನಾನು ಮಾಡುವ ಕೆಲಸ, ಬಟನ್ನಿಗೆ ಉಗುರು ಒತ್ತುವುದು. ಉಗುರು ಸ್ವಲ್ಪ ಇಳಿದು, ತೆಗೆದ ಮೇಲೆ ಗುರುತು ನಿಧಾನಕ್ಕೆ ಮಾಯವಾದರೆ ಅದು ಮೆತ್ತನೆ ರಬ್ಬರು. ಉಗುರೇ ಹೊರಳಿದರೆ ಗಟ್ಟಿ. ಹಸಿ ಕಲ್ಲು, ಹಸಿ ಬೇರಿನ ಮೇಲೆ ಮೆತ್ತನೆಯದು ಹಿಡಿದಷ್ಟು ಗಟ್ಟಿಯದು ಹಿಡಿಯುವುದಿಲ್ಲ, ಬಟನ್ ಎಷ್ಟೇ ದೊಡ್ಡದಿರಲಿ. ಮೆತ್ತನೆಯದು ಬೇಗ ಸವೆಯುತ್ತದೆ, ಡಾಂಬರಿನ ಮೇಲೆ ಎಳೆದ ಹಾಗಾಗುತ್ತದೆ. ಅದಕ್ಕೆ ಅದನ್ನು ಮುಂದೆ ಮಾತ್ರ ಹಾಕುತ್ತೇನೆ. ಕೈಯಲ್ಲಿ ಒಂದೇ ಟೈರಿಗಾಗುವಷ್ಟು ದುಡ್ಡಿದ್ದರೂ ಮುಂದಿನದಕ್ಕೇ ಹಾಕಿ. ಹಿಂದಿನ ಗಾಲಿ ಜಾರಿದರೆ ಕಾಲು ಕೊಟ್ಟೋ ಮೈ ಹೊರಳಿಸಿಯೋ ಸಾವರಿಸಿಕೊಳ್ಳಬಹುದು. ಮುಂದಿನದು ಜಾರಿದರೆ ಸಾವರಿಸಿಕೊಳ್ಳುವಷ್ಟು ಹೊತ್ತೇ ಸಿಗುವುದಿಲ್ಲ.

ಬಟನ್ ನಡುವಿನ ಸಂದಿ ನೋಡಿ. ಸಂದಿ ದೊಡ್ಡದಿದ್ದು ಬಟನ್ ಎತ್ತರ ಇದ್ದರೆ ಕೆಂಪು ಕೆಸರನ್ನು ಕಚ್ಚುತ್ತದೆ, ಗಾಲಿ ತಿರುಗಿದಂತೆ ಮಣ್ಣು ಉದುರಿಯೂ ಹೋಗುತ್ತದೆ. ಬಟನ್ ಗಿಡ್ಡ, ಒತ್ತೊತ್ತಾಗಿ ಇದ್ದರೆ ಗಟ್ಟಿ ನೆಲದಲ್ಲಿ ಬೇಗ ಓಡುತ್ತದೆ, ಕೆಸರಿನಲ್ಲಿ ಐದು ನಿಮಿಷಕ್ಕೆ ಸಂದಿ ಮುಚ್ಚಿ ನುಣ್ಣಗಾಗುತ್ತದೆ. ಅಂಚಿನ ಬಟನ್ ಗಟ್ಟಿಮುಟ್ಟಾಗಿರಬೇಕು, ತಿರುವಿನಲ್ಲಿ ಸೈಕಲ್ ವಾಲಿದಾಗ ನಿಮ್ಮನ್ನು ಹಿಡಿದು ನಿಲ್ಲಿಸುವುದು ಅದೇ. ಬಟನ್ ಮೇಲೆ ಬ್ಲೇಡಿನಿಂದ ಕೊಯ್ದ ಹಾಗೆ ಸಣ್ಣ ಸೀಳು ಇದ್ದರೆ ಒಳ್ಳೆಯದು, ಹಸಿ ಕಲ್ಲಿನ ಮೇಲೆ ಆ ಸೀಳು ಅಗಲವಾಗಿ ಅಂಚುಗಳು ಜಾಸ್ತಿ ಆಗುತ್ತವೆ. ಹೆಸರು ಕೇಳುವವರಿಗೆ ಹೇಳುವುದಾದರೆ, ಮ್ಯಾಕ್ಸಿಸ್‌ನವರ ಮಿನಿಯನ್ ಡಿಎಚ್‌ಎಫ್, ಶ್ವಾಲ್ಬೆಯವರ ನಾಬಿ ನಿಕ್ ನಮ್ಮ ಕೆಂಪು ಮಣ್ಣಿಗೂ ಕಲ್ಲಿಗೂ ಹೊಂದುವ ಜಾತಿಯವು. ಅದೇ ಮ್ಯಾಕ್ಸಿಸ್‌ನ ಶಾರ್ಟಿ ಕೆಸರಿಗೂ ಸಡಿಲ ಮಣ್ಣಿಗೂ ಮಾಡಿದ ಟೈರು. ಕೆಸರಿನ ಟೈರು ಹಾಕಿಕೊಂಡು ಕಪ್ಪತಗುಡ್ಡದಂಥ ಕಲ್ಲು ನೆಲಕ್ಕೆ ಹೋದರೆ ಉದ್ದ ಬಟನ್ ಬಗ್ಗಿ ಬಗ್ಗಿ ಸೈಕಲ್ ತೂಗಾಡುತ್ತದೆ, ಬಟನ್ ಬುಡವೇ ಕಿತ್ತು ಬರಬಹುದು. ನಮಗೆ ವರ್ಷದ ಬಹುಪಾಲು ಅದು ಬೇಡ. ಬೆಲೆ ಸಾವಿರದೊಳಗಿಂದ ಆರೇಳು ಸಾವಿರದ ತನಕ ಇದೆ. ಮಧ್ಯದ ಬೆಲೆಯದ್ದರಲ್ಲೇ ಮೆತ್ತನೆ ರಬ್ಬರಿನದು ಹುಡುಕಿದರೆ ಸಿಗುತ್ತದೆ.

ಸೈಜಿನಲ್ಲಿ ಬಹಳ ಮಂದಿ ಮೋಸ ಹೋಗುತ್ತಾರೆ. ಟೈರಿನ ಪಕ್ಕ 57-622 ಅಂತ ಇರುತ್ತದೆ ನೋಡಿ, 57 ಅಂದರೆ ಮಿಲಿಮೀಟರಿನಲ್ಲಿ ಅಗಲ, 622 ಅಂದರೆ ಟೈರು ಕೂರುವ ಜಾಗದಲ್ಲಿ ರಿಮ್ಮಿನ ಅಡ್ಡಳತೆ (ವ್ಯಾಸ). 29 ಇಂಚಿಗೆ 622, 27.5ಕ್ಕೆ 584, ಹಳೇ 26ಕ್ಕೆ 559. ನಿಮ್ಮ ಹಳೇ ಟೈರಿನ ಈ ನಂಬರ್ ಫೋಟೋ ತೆಗೆದುಕೊಂಡು ಹೋಗಿ, ಎರಡನೇ ಸಂಖ್ಯೆ ಹೊಂದಲೇಬೇಕು. ಅಗಲದ್ದು ಬೇಕಂತ 2.4 ತಂದು ಹಾಕಿ, ಫ್ರೇಮಿಗೆ ತಾಗಿ ವಾಪಸ್ ಕೊಡೋಕೆ ಓಡಾಡಿದವರನ್ನು ನೋಡಿದ್ದೇನೆ. ಟೈರಿಗೂ ಫ್ರೇಮಿಗೂ ನಡುವೆ ಎರಡೂ ಕಡೆ ಕಿರುಬೆರಳು ಹೋಗುವಷ್ಟು ಜಾಗ ಇರಲಿ, ಇಲ್ಲದಿದ್ದರೆ ಸ್ವಲ್ಪ ರಾಡಿ ಹತ್ತಿದರೂ ಸಿಕ್ಕಿಕೊಳ್ಳುತ್ತದೆ.

ಇನ್ನು ಮುಳ್ಳು. ಬಯಲುಸೀಮೆಯ ಜಾಲಿ ಮುಳ್ಳು ಟೈರು ನೋಡಿ ಬಿಡುವುದಿಲ್ಲ. ಟ್ಯೂಬ್‌ಲೆಸ್ ಮಾಡಿಸಿ ಒಳಗೆ ಸೀಲೆಂಟ್ ಅನ್ನುವ ತೂತು ಮುಚ್ಚುವ ದ್ರವ ಹಾಕಿದರೆ ಸಣ್ಣ ತೂತು ತಾನೇ ಮುಚ್ಚುತ್ತದೆ, ಹವಾ ಇನ್ನೂ ಮೂರ್ನಾಲ್ಕು ಪಿಎಸ್ಐ ಇಳಿಸಬಹುದು, ಹಿಡಿತ ಬಹಳ ಚೆನ್ನಾಗಾಗುತ್ತದೆ. ಆದರೆ ರಿಮ್ಮೂ ಟೈರೂ ಎರಡೂ ಅದಕ್ಕೆ ತಕ್ಕದ್ದಿರಬೇಕು. ನಮ್ಮ ಬಿಸಿಲಿಗೆ ಸೀಲೆಂಟ್ ಎರಡು ಮೂರು ತಿಂಗಳಿಗೆ ಒಣಗುತ್ತದೆ, ಮರೆತರೆ ಅದು ಇದ್ದೂ ಇಲ್ಲದ ಹಾಗೆ. ನಾನು ಇನ್ನೂ ಟ್ಯೂಬಿನಲ್ಲೇ ಇದ್ದೇನೆ, ಬೆನ್ನ ಚೀಲದಲ್ಲಿ ಒಂದು ಟ್ಯೂಬ್, ಪಂಪ್, ಟೈರ್ ಬಿಚ್ಚುವ ಪಟ್ಟಿ.

ಹೊಡೆಯುವ ರೀತಿಗೆ ಬರೋಣ. ಹೊಸಬರು ಜಾರುವ ಜಾಗ ನೋಡಿದ ಕೂಡಲೇ ಮೈ ಬಿಗಿ ಹಿಡಿದು ಬ್ರೇಕ್ ಒತ್ತುತ್ತಾರೆ. ಬಿಗಿ ಹಿಡಿದ ಕೈಯಿಂದ ಸೈಕಲ್ಲಿನ ಪ್ರತಿ ಕುಲುಕಾಟ ಮೈಗೆ ಬರುತ್ತದೆ, ಲಾಕ್ ಆದ ಗಾಲಿ ಜಾರದೆ ಇನ್ನೇನು ಮಾಡುತ್ತದೆ? ವೇಗ ಕಡಿಮೆ ಮಾಡುವುದು ಜಾರುವ ಜಾಗಕ್ಕೆ ಮೊದಲೇ ಮುಗಿದಿರಬೇಕು, ಒಣ ನೆಲದಲ್ಲಿ, ಸೈಕಲ್ ನೆಟ್ಟಗೆ ಇರುವಾಗ. ಆಮೇಲೆ ಬೆರಳು ಸಡಿಲ. ನಾನು ಅವತ್ತು ಬಿದ್ದದ್ದರಲ್ಲಿ ಹವಾದ ತಪ್ಪು ಅರ್ಧ, ಕಲ್ಲಿನ ಮೇಲೆ ಹೋದ ಮೇಲೆ ಗಾಬರಿಯಾಗಿ ಮುಂದಿನ ಬ್ರೇಕ್ ಒತ್ತಿದ್ದು ಇನ್ನರ್ಧ. ಬ್ರೇಕಿಗೆ ಒಂದು ಬೆರಳು ಸಾಕು, ಉಳಿದವು ಹ್ಯಾಂಡಲ್ ಹಿಡಿಯಲಿ. ಎರಡೂ ಬ್ರೇಕ್ ಹಿತವಾಗಿ, ನಿಂಬೆಹಣ್ಣು ಹಿಂಡಿದ ಹಾಗೆ ನಿಧಾನಕ್ಕೆ ಒತ್ತಬೇಕು.

ಇಳಿಯುವಾಗ ಸೀಟು ಎರಡು ಮೂರು ಇಂಚು ಇಳಿಸಿ, ಎದ್ದು ನಿಂತು, ಎರಡೂ ಪೆಡಲ್ ಸಮವಾಗಿಟ್ಟು, ಮೊಣಕೈ ಮೊಣಕಾಲು ಮಡಚಿ ಇಳಿಯಿರಿ. ಹೆದರಿಕೆಗೆ ಮೈ ಪೂರ್ತಿ ಹಿಂದೆ ಹಾಕಬೇಡಿ, ಮುಂದಿನ ಗಾಲಿಗೆ ಭಾರ ಇಲ್ಲದಿದ್ದರೆ ಅದು ನೆಲ ಹಿಡಿಯುವುದಿಲ್ಲ. ಏರುವಾಗ ಕೂತೇ ಏರಿ. ಎದ್ದು ತುಳಿದರೆ ಹಿಂದಿನ ಗಾಲಿ ಹಗುರಾಗಿ ನಿಂತಲ್ಲೇ ತಿರುಗುತ್ತದೆ. ಬೇರು ಅಡ್ಡ ಬಂದರೆ ನೇರವಾಗಿ ದಾಟಬೇಕು, ಓರೆಯಾಗಿ ಹೋದರೆ ಬೇರಿನ ಗುಂಟ ಗಾಲಿ ಜಾರುತ್ತದೆ. ಕಣ್ಣು ಹೋಗಬೇಕಾದ ಕಡೆ ಇರಲಿ, ಕಲ್ಲನ್ನೇ ನೋಡುತ್ತ ಕೂತರೆ ಕಲ್ಲಿಗೇ ಹೋಗಿ ಹೊಡೆಯುತ್ತೇವೆ. ಅಳ್ನಾವರ ಕಡೆ ಸಾಗವಾನಿ ಎಲೆ ಉದುರೋಕೆ ಶುರುವಾದ ಮೇಲೆ ಇನ್ನೂ ಹುಷಾರು. ಅಗಲ ಎಲೆ, ಇಬ್ಬನಿಗೆ ನೆನೆದು ಒಂದರ ಮೇಲೊಂದು ಬಿದ್ದಿರುತ್ತವೆ, ಕೆಳಗಿನ ಕಲ್ಲು, ತಗ್ಗು ಕಾಣುವುದೇ ಇಲ್ಲ.

ಡಾಂಬರಿಗೆ ಬಂದೆವು ಅಂತ ಸಮಾಧಾನ ಪಡುವ ಹಾಗೂ ಇಲ್ಲ. ಕಲಘಟಗಿ ಕಡೆ, ಹಾವೇರಿ ಜಿಲ್ಲೆಯಲ್ಲಂತೂ ಎಲ್ಲಿ ನೋಡಿದರೂ, ಸುಗ್ಗಿಯ ಈ ದಿನಗಳಲ್ಲಿ ಅರ್ಧ ರಸ್ತೆಯ ಮೇಲೆ ಗೋವಿನಜೋಳ ಒಣ ಹಾಕಿರುತ್ತಾರೆ. ಸೈಕಲ್ ಗಾಲಿಗೆ ಆ ಕಾಳು ಗೋಲಿ ಇದ್ದ ಹಾಗೆ. ಅದರ ಮೇಲೆ ಬ್ರೇಕ್ ಹಿಡಿಯಬೇಡಿ, ಹ್ಯಾಂಡಲ್ ತಿರುಗಿಸಬೇಡಿ, ತುಳಿಯುವುದು ಬಿಟ್ಟು ನೆಟ್ಟಗೆ ಉರುಳಿಕೊಂಡು ಹೋಗಿ. ನಾನು ಮೊದಲೇ ಕಂಡರೆ ಇಳಿದು ಪಕ್ಕದಲ್ಲಿ ತಳ್ಳಿಕೊಂಡು ಹೋಗುತ್ತೇನೆ. ಒಂದು ಮನೆಯ ಇಡೀ ವರ್ಷದ ದುಡಿಮೆ ಅಲ್ಲಿ ಹರಡಿರುತ್ತದೆ, ಅದರ ಮೇಲೆ ಗಾಲಿ ಹತ್ತಿಸೋಕೆ ಮನಸ್ಸು ಬರುವುದಿಲ್ಲ. ಹುರುಳಿ ಬಳ್ಳಿಯನ್ನು ಗಾಡಿಗಳ ಕೆಳಗೆ ತುಳಿಸೋಕೆ ಹಾಸಿರುತ್ತಾರಲ್ಲ, ಅದರಿಂದ ಸೈಕಲ್ಲಿಗೆ ಬೇರೆಯದೇ ಅಪಾಯ. ಬಳ್ಳಿ ಚೈನಿಗೂ ಗೇರಿಗೂ ಸುತ್ತಿಕೊಂಡು ಗಾಲಿ ದಿಢೀರನೆ ನಿಂತುಬಿಡುತ್ತದೆ.

ಒಬ್ಬರೇ ಹೋಗುವುದಾದರೆ ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಮನೆಯಲ್ಲಿ ಹೇಳಿ ಹೋಗಿ. ಮಂಜು ಇದ್ದರೆ ಹಿಂದೆ ಮುಂದೆ ಲೈಟ್. ಬೆರಳು ತಣ್ಣಗಾಗಿ ಮರಗಟ್ಟಿದರೆ ಬ್ರೇಕ್ ಎಷ್ಟು ಒತ್ತಿದೆವು ಅಂತಲೇ ಗೊತ್ತಾಗುವುದಿಲ್ಲ, ಅದಕ್ಕೆ ಪೂರ್ತಿ ಬೆರಳಿನ ಗ್ಲೌಸ್. ಚೈನಿಗೆ ಎಣ್ಣೆ ಹಾಕುವಾಗ ಬ್ರೇಕಿನ ಡಿಸ್ಕಿಗೆ ಒಂದು ಹನಿಯೂ ತಾಗಬಾರದು, ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ. ಹುಬ್ಬಳ್ಳಿಯ ನೃಪತುಂಗ ಬೆಟ್ಟದಲ್ಲಿ ಬೆಳಗ್ಗೆ ವಾಕಿಂಗಿಗೆ ಬರುವ ವಯಸ್ಸಾದವರು ಬಹಳ, ಅಲ್ಲಿ ಇಳಿಜಾರಿನ ಅಭ್ಯಾಸ ಬೇಡವೇ ಬೇಡ. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಗುಡ್ಡ ಕಂಡಿತು ಅಂತ ಸೈಕಲ್ ಹತ್ತಿಸಬಾರದು, ಅರಣ್ಯ ಇಲಾಖೆಯವರನ್ನು ಕೇಳಿಕೊಂಡೇ ಹೋಗಬೇಕು.

ಮೊನ್ನೆ ಭಾನುವಾರ ಹುಡುಗ ಸೈಕಲ್ ತಗೊಂಡು ಬಂದಿದ್ದ. ಗೇಜ್ ಹಚ್ಚಿದೆವು, ಮುಂದೆ 46, ಹಿಂದೆ 50. ಟೈರಿನ ಪಕ್ಕ ಓದಿದೆವು, ಕನಿಷ್ಠ 30 ಅಂತ ಇತ್ತು. ಹುಡುಗ 60 ಕಿಲೋ ಇದ್ದಾನೆ. ಮುಂದೆ 30, ಹಿಂದೆ 32ಕ್ಕೆ ಇಳಿಸಿ ಕೆಲಗೇರಿ ಕಡೆ ಹೊರಟೆವು. ಕೆರೆಯ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ಕೆಂಪು ಮಣ್ಣಿನ ದಾರಿಗೆ ಇಳಿದು ಹತ್ತು ನಿಮಿಷಕ್ಕೆ ಅವನೇ ಹಿಂದಿನಿಂದ ಕೂಗಿದ, "ಮಾಮಾ, ಸೈಕಲ್ ಬ್ಯಾರೆನ ಆಗೇತಿ!"

ನಾನು ಬಿದ್ದ ಕಲ್ಲಿನ ಹತ್ತಿರ ಇಬ್ಬರೂ ಇಳಿದೆವು. ಅವನ ಕೈ ಹಿಡಿದು ಕಲ್ಲಿನ ಮೇಲೆ ಸವರಿಸಿದೆ. ಬೆರಳು ಮೂಸಿ ನೋಡಿದ, ಪ್ಯಾಂಟಿಗೆ ಒರೆಸಿಕೊಂಡ. ಸೈಕಲ್ ತಳ್ಳಿಕೊಂಡು ಪಕ್ಕದ ಹುಲ್ಲಿನ ಮೇಲೆ ದಾಟಿದೆವು, ಕೆಳಗೆ ಮತ್ತೆ ಹತ್ತಿದೆವು. ವಾಪಸ್ ಬರುವಾಗ ಎಂಟೂವರೆ, ಬಿಸಿಲು ಬಿದ್ದಿತ್ತು, ಅದೇ ಕಲ್ಲಿನ ಮೇಲೆ ಕೂತೇ ಏರಿದ.

"ಹಂಗಾರ ಹೊಸಾ ಟೈರ್ ಬ್ಯಾಡೇನು ಮಾಮಾ?" ಅಂದ ಚಹಾ ಕುಡಿಯುವಾಗ. ಮುಂದಿನದೊಂದು ತಗೋ ಅಂದೆ. ಅಲ್ಲಿಂದಲೇ ಕಾಕಾನ ಅಂಗಡಿಗೆ ಹೋದೆವು. ಮೂರು ಟೈರು ತೋರಿಸಿದರು, ಮೂರಕ್ಕೂ ಹುಡುಗ ಉಗುರು ಒತ್ತಿ ನೋಡಿದ, ನಡುವಿನದು ತೆಗೆದಿಟ್ಟ.